ಸಂಘವೆಂದರೆ ಸಾಲದ ಲೆಕ್ಕವಷ್ಟೆಯೆ?

ಹೆಣ್ಣುಮಕ್ಕಳ ಸಂಘವಿಲ್ಲದ ಹಳ್ಳಿ ಇಂದು ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. 1992ರಲ್ಲಿ ನಬಾರ್ಡ್ ಸಂಸ್ಥೆ ಸ್ವಸಹಾಯ ಗುಂಪುಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಏರ್ಪಾಡನ್ನು ಆರಂಭಿಸಿತು. 2000-01ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದಿತು. ಇಂದು ಹತ್ತು ಹದಿನೈದು ಮನೆಯ ಹೆಂಗಸರು ವಾರಕ್ಕೊಮ್ಮೆ ಒಂದೆಡೆ ಕೂಡುವುದು ಊರಿನ ವಾಡಿಕೆಯೇ ಆಗಿದೆ. ಹೊಸ್ತಿಲು ದಾಟಿದರೆ ಮಾನ ಹೋಯಿತು ಎನ್ನುತ್ತಿದ್ದ ಮನೆಗಳಿಂದಲೂ ಸೊಸೆಯಂದಿರು ಎದ್ದು ಬಂದು ಬ್ಯಾಂಕಿನ ಮ್ಯಾನೇಜರನ ಎದುರು ಕುರ್ಚಿಯಲ್ಲಿ ಕುಳಿತು ಮಾತಾಡುತ್ತಾರೆ. ಇದು ಸಣ್ಣ ಗೆಲುವೇನೂ ಅಲ್ಲ. ಇದನ್ನು ಹಗುರವಾಗಿ ಕಾಣುವವರ ಸಾಲಿಗೆ ನಾವು ಸೇರಿದವರಲ್ಲ.

ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಲೇಬೇಕಾಗಿದೆ. ಕೂಡಿದ ಆ ಒಂದು ಗಂಟೆಯಲ್ಲಿ ನಡೆಯುವುದೇನು? ಹಾಜರಿ ಹಾಕುವುದು, ಉಳಿತಾಯದ ಹಣ ಎಣಿಸುವುದು, ಕಂತು ಬಾರದವಳ ಹೆಸರು ಓದುವುದು, ಅವಳ ಪಾಲನ್ನು ಉಳಿದವರು ಹಂಚಿಕೊಂಡು ತುಂಬುವುದು, ಪುಸ್ತಕಕ್ಕೆ ಹೆಬ್ಬೆಟ್ಟೊತ್ತಿ ಇಲ್ಲವೆ ರುಜು ಹಾಕಿ ಎದ್ದು ಹೋಗುವುದು. ಹತ್ತು ಹೆಂಗಸರು ಕೂಡಿದಾಗ ಅವರ ನಡುವೆ ಏನು ಹುಟ್ಟಬಹುದಿತ್ತೋ ಅದಕ್ಕೆ ಈ ಸಭೆಯಲ್ಲಿ ಎಡೆಯಿಲ್ಲ. ಹಾಡು ಬಲ್ಲವಳೊಬ್ಬಳು ಅಲ್ಲಿರುತ್ತಾಳೆ, ಹೊಲಿಗೆ ಬಲ್ಲವಳಿರುತ್ತಾಳೆ, ಕತೆ ಹೇಳಬಲ್ಲ ಮುದುಕಿಯಿರುತ್ತಾಳೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟರೂ ಅಕ್ಷರದ ಆಸೆ ಬಿಡದವಳಿರುತ್ತಾಳೆ. ಸಂಘದ ಪುಸ್ತಕದಲ್ಲಿ ಇವರೆಲ್ಲರೂ ಒಂದೊಂದು ಸಾಲದ ಸಂಖ್ಯೆ ಮಾತ್ರ.

ಹೆಣ್ಣು ಹೆಣ್ಣಿನ ಜೊತೆ ಕೂಡುವುದು ಸಾಲಕ್ಕಾಗಿ ಹುಟ್ಟಿದ ಪದ್ಧತಿಯಲ್ಲ. ಅವರು ಕೂಡಿದುದು ದುಡಿಯಲಿಕ್ಕೆ, ಆ ದುಡಿಮೆಯಲ್ಲಿ ಕೂಡಿ ಏನನ್ನಾದರೂ ಕಟ್ಟಲಿಕ್ಕೆ. ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತುವ ಹುರುಪೇ ಈ ನಾಡಿನ ಹಾಡಿಗೆ, ಬಟ್ಟೆಗೆ, ಬರಹಕ್ಕೆ, ರಾಜಕೀಯಕ್ಕೂ ಎಷ್ಟೋ ಸಲ ಮೂಲವಾಗಿದೆ. ಆ ಕೂಟದ ಹಕ್ಕನ್ನು ನಾವು ಮರಳಿ ಕೇಳಬೇಕು.

ಬೀಸುಕಲ್ಲಿನ ಪಾಠ

ಬೀಸುವ ಪದದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಗಿನ ಜಾವಕ್ಕೆ ಎದ್ದು ಇಬ್ಬರು ಹೆಂಗಸರು ಕಲ್ಲಿನ ಆಚೆ ಈಚೆ ಕುಳಿತು ಒಂದೇ ಗೂಟಕ್ಕೆ ಕೈ ಹಾಕಿ ತಿರುಗಿಸುತ್ತಿದ್ದರು. ಒಬ್ಬಳು ಒಂದು ನುಡಿ ಎತ್ತುವಳು. ಎದುರಿನವಳು ಅದನ್ನು ಹಿಡಿದು ಮುಂದಿನದು ಕೂಡಿಸುವಳು. ತ್ರಿಪದಿಯ ಮೂರು ಸಾಲು ಕಲ್ಲಿನ ಸುತ್ತಿಗೆ ಸರಿಯಾಗಿ ಕೂಡುತ್ತಿತ್ತು. ತವರಿನ ನೆನಪು, ಗಂಡನ ಸಿಟ್ಟು, ಅತ್ತೆಯ ಬಿರುನುಡಿ, ಕೂಸಿನ ನಗೆ, ಮಳೆಯ ಹಂಬಲ ಎಲ್ಲವೂ ಅಲ್ಲಿ ಹಾಡಾದವು. ಎದುರು ಕುಳಿತು ಕೇಳುವವಳಿಲ್ಲದೆ, ಹೂಂಗುಟ್ಟಿ ಮುಂದುವರಿಸುವವಳಿಲ್ಲದೆ ಅವು ಹುಟ್ಟುತ್ತಿದ್ದವೆ? ಒಬ್ಬಂಟಿಯಾಗಿ ಬೀಸುವವಳೂ ಹಾಡಿದ್ದುಂಟು. ಆದರೆ ಅವಳೂ ಹಾಡಿದುದು ಇನ್ನೊಬ್ಬಳ ಬಾಯಿಂದ ಕಲಿತದ್ದನ್ನೇ, ತನ್ನದೊಂದು ನುಡಿ ಸೇರಿಸಿ.

1931ರಲ್ಲಿ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಹಾಕಿ 'ಗರತಿಯ ಹಾಡು' ಎಂಬ ಹೆಸರಿನಿಂದ ಅಚ್ಚು ಹಾಕಿಸಿದರು. ಕನ್ನಡದ ಪಂಡಿತರು ಆ ಹಾಡುಗಳನ್ನು ಓದಿ ಬೆರಗಾದರು. ಆ ಗೆಳೆಯರ ಉಪಕಾರವನ್ನು ನಾವು ಮರೆಯಲಾರೆವು. ಅವರು ಬರೆದಿಡದಿದ್ದರೆ ಎಷ್ಟೋ ಹಾಡು ಕಲ್ಲಿನೊಡನೆಯೇ ಮೂಲೆ ಸೇರುತ್ತಿತ್ತು. ಆದರೂ ಒಂದು ಮಾತು ಮನಸ್ಸಿಗೆ ಬಾರದೆ ಇರದು. ಕೂಡಿಸಿದವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಉಳಿಯಿತು. ಹಾಡು ಕಟ್ಟಿದವರು 'ಗರತಿ' ಎಂಬ ಒಂದೇ ಹೆಸರಿನಲ್ಲಿ ಕರಗಿಹೋದರು.

ಅನಂತರ ಊರೂರಿಗೆ ಹಿಟ್ಟಿನ ಗಿರಣಿ ಬಂತು. ಅದು ಬಂದದ್ದು ಒಳ್ಳೆಯದೇ ಆಯಿತು. ಕೋಳಿ ಕೂಗುವ ಮುಂಚೆ ಎದ್ದು, ಬಸಿರಿ ಬಾಣಂತಿ ಎನ್ನದೆ, ರಟ್ಟೆ ಸೋಲುವ ತನಕ ಬೀಸಿದ ಹೆಂಗಸಿಗೆ ಕೇಳಿ ನೋಡಿರಿ; ಹಾಡು ಎಷ್ಟೇ ಚಂದವಿರಲಿ, ಆ ಕಲ್ಲು ಮತ್ತೆ ಬೇಕು ಎಂದು ಅವಳು ಹೇಳಲಾರಳು. ಪಟ್ಟಣದಲ್ಲಿ ಕುಳಿತು ಹಳೆಯ ಕಾಲ ಹೋಯಿತಲ್ಲ ಎಂದು ಮರುಗುವವರ ಜೊತೆಗೆ ನಮ್ಮ ಮಾತನ್ನು ಯಾರೂ ಸೇರಿಸಬಾರದು. ನಮ್ಮ ತಕರಾರು ಬೇರೆ. ಗಿರಣಿ ಹೆಂಗಸಿನ ರಟ್ಟೆಯ ನೋವನ್ನು ತೆಗೆಯಿತು, ಅದರ ಜೊತೆಗೆ ಇಬ್ಬರು ಎದುರುಬದುರು ಕೂಡುವ ಎಡೆಯೂ ಹೋಯಿತು. ಹೋದ ಎಡೆಗೆ ಬದಲಾಗಿ ಸಮಾಜ ಇನ್ನೊಂದು ಎಡೆಯನ್ನು ಕೊಡಲಿಲ್ಲ. ಹೊಸ ಯಂತ್ರದಿಂದ ಗಂಡಸಿನ ವೇಳೆ ಉಳಿದರೆ ಅವನಿಗೆ ಚಹದಂಗಡಿಯ ಕಟ್ಟೆಯಿದೆ, ಗುಡಿಯ ಜಗಲಿಯಿದೆ, ಬಸ್‌ಸ್ಟ್ಯಾಂಡಿದೆ. ಹೆಂಗಸಿನ ವೇಳೆ ಉಳಿದರೆ ಅದನ್ನು ಇನ್ನೊಂದು ಮನೆಗೆಲಸ ನುಂಗುತ್ತದೆ.

ಇದು ನಮ್ಮ ಊಹೆಯಲ್ಲ. ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಇಲಾಖೆ 2019ರಲ್ಲಿ ದೇಶದ ಜನ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕಿತು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ. ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಅಭ್ಯಾಸದಿಂದ ನಾವು ಇದನ್ನು ಕಳೆದು ನೋಡಿದೆವು: 202 ನಿಮಿಷದ ಅಂತರ. ದಿನಕ್ಕೆ ಮೂರು ಗಂಟೆಯ ಮೇಲೆ ಇಪ್ಪತ್ತೆರಡು ನಿಮಿಷ. ಅದರಲ್ಲಿ ಒಂದು ಗಂಟೆ ಹೆಂಗಸಿಗೆ ಮರಳಿ ಸಿಕ್ಕರೂ ಒಂದು ಊರಿನ ಹಾಡು ಉಳಿಯಬಹುದು, ಒಂದು ನಾಟಕ ಏಳಬಹುದು, ಒಂದು ಕೈಬರಹದ ಪತ್ರಿಕೆ ಹೊರಡಬಹುದು.

ಸೂಜಿ ಹಿಡಿದ ಕೈಗಳು

ಹಾಡಿನಂತೆಯೇ ಬಟ್ಟೆ. ನಮ್ಮ ಕಡೆಯ ಕೌದಿಯನ್ನೇ ತೆಗೆದುಕೊಳ್ಳಿರಿ. ಹರಿದ ಸೀರೆ, ಕೂಸಿನ ಅಂಗಿ, ಸತ್ತ ಹಿರಿಯರ ಧೋತರ, ಹಳೆಯ ಕುಪ್ಪಸದ ತುಂಡು ಎಲ್ಲವನ್ನೂ ಹಾಸಿ ಮೂರು ನಾಲ್ಕು ಮಂದಿ ಸುತ್ತ ಕುಳಿತು ಹೊಲಿಯುತ್ತಾರೆ. ಯಾವ ತುಂಡು ಎಲ್ಲಿ ಎಂಬ ವಾದ ನಡೆಯುತ್ತದೆ. ಆ ವಾದದಲ್ಲಿಯೇ ಕೌದಿಯ ಚಂದ ತೀರ್ಮಾನವಾಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ಇಂದು ಪರದೇಶದ ವಸ್ತುಸಂಗ್ರಹಾಲಯಗಳವರ ಕಣ್ಣಿಗೂ ಬಿದ್ದಿದೆ. ಅವರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮುಕ್ಕೋನದ 'ಫುಲ್ಲ' ಇಡುತ್ತಾರೆ. ಅದು ಇಲ್ಲದ ಕೌದಿ ಅವರ ಕಣ್ಣಿಗೆ ಮುಗಿಯದ ಕೌದಿ.

ಧಾರವಾಡ ಸೀಮೆಯ ಕಸೂತಿಯ ಕೆಲಸವಂತೂ ಒಂದು ದೊಡ್ಡ ವಿದ್ಯೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು, ಗಂಟು ಬೀಳಕೂಡದು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಎಡೆ ಬಿಟ್ಟು ಒಂದು ಎಡೆ ತುಂಬಿ ಹೋಗುತ್ತಾರೆ. ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಎಡೆಗಳು ತುಂಬುತ್ತವೆ. ಬಟ್ಟೆಯ ಎರಡು ಮೈಯೂ ಒಂದೇ ಆಗಿ ಕಾಣುತ್ತದೆ. ಮುರ್ಗಿ, ನೇಗಿ, ಮೆಂತೆ ಎಂಬ ಉಳಿದ ಹೊಲಿಗೆಗಳಿಗೂ ಅವುಗಳದೇ ಗಣಿತವಿದೆ. ಗೋಪುರ, ತೇರು, ಆನೆಯ ಅಂಬಾರಿ, ತುಳಸಿಕಟ್ಟೆಗಳನ್ನು ಇಳಕಲ್ಲ ಸೀರೆಯ ಮೇಲೆ ಮೂಡಿಸಿದ ಅಜ್ಜಿಯರಲ್ಲಿ ಹೆಚ್ಚಿನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಕಲಿತದ್ದು ಒಬ್ಬರ ಮಗ್ಗುಲಲ್ಲಿ ಒಬ್ಬರು ಕುಳಿತು. ಅತ್ತ ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಮದುವೆಯ ಮನೆಯಲ್ಲಿ ಪುಂಡಿನಾರಿನ ಕುಂಚ ಹಿಡಿದು, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಹಸೆಯ ಚಿತ್ತಾರ ಬರೆಯುವುದೂ ಹೀಗೆಯೇ. ಬರೆಯುವ ಕೈ ಒಂದಾದರೆ ಹಾಡುವ ಬಾಯಿ ನಾಲ್ಕು.

ಇದನ್ನೆಲ್ಲ 'ಹೆಂಗಸರ ಕೈಗೆಲಸ' ಎಂದು ಒಂದು ಮಾತಿನಲ್ಲಿ ಬದಿಗಿಡುವುದು ನಮ್ಮ ವಿದ್ಯಾವಂತರ ಚಾಳಿ. ಗಂಡಸು ಕಲ್ಲಿನಲ್ಲಿ ಕೆತ್ತಿದರೆ ಅದು ಶಿಲ್ಪ, ಹೆಂಗಸು ನೂಲಿನಲ್ಲಿ ಅದೇ ಗೋಪುರವನ್ನು ಮೂಡಿಸಿದರೆ ಅದು ಬಿಡುವಿನ ಹವ್ಯಾಸ! ಈ ಭೇದವನ್ನು ಒಪ್ಪಿಕೊಂಡು ಸಮಾನತೆಯ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಬರಹದಲ್ಲಿಯೂ ಇದೇ ಕತೆ

"ಹಾಡು ಹೊಲಿಗೆ ಸರಿ, ಬುದ್ಧಿಯ ಕೆಲಸ ಮಾತ್ರ ಒಬ್ಬೊಬ್ಬರೇ ಕುಳಿತು ಮಾಡುವಂಥದು" ಎಂದು ಕೆಲವರು ಹೇಳುತ್ತಾರೆ. ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಸುತ್ತ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಹೆಸರು ನಮಗೆ ಸಿಗುತ್ತವೆ. ಅಕ್ಕಮಹಾದೇವಿಯ ಹೆಸರು ಎಲ್ಲರಿಗೂ ಗೊತ್ತು. ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ, ಕೊಟ್ಟಣದ ಸೋಮವ್ವೆ, ಕದಿರ ರೆಮ್ಮವ್ವೆ ಇವರನ್ನೂ ನೆನೆಯಬೇಕು. ಬಿದ್ದ ಅಕ್ಕಿ ಆಯುವವಳು, ಭತ್ತ ಕುಟ್ಟುವವಳು, ನೂಲು ತೆಗೆಯುವವಳು, ಮೈ ಮಾರಿ ಬದುಕಬೇಕಾದವಳು. ಅವರ ಕಸುಬೇ ಅವರ ಹೆಸರಿಗೆ ಅಂಟಿಕೊಂಡಿದೆ. ಇಂಥ ಹೆಂಗಸರು ಒಂದೇ ಕಾಲದಲ್ಲಿ, ಒಂದೇ ನಾಡಿನಲ್ಲಿ, ಇಷ್ಟೊಂದು ಮಂದಿ ಏಕೆ ಬಾಯಿ ಬಿಟ್ಟರು? ದೇವರು ಅಂದು ಮಾತ್ರ ಅವರಿಗೆ ಬುದ್ಧಿ ಕೊಟ್ಟನೆ? ಹಾಗಲ್ಲ. ಕೂಡಿ ಕುಳಿತು ಮಾತಾಡುವ ಎಡೆ ಅವರಿಗೆ ಅಂದು ಸಿಕ್ಕಿತು. ಒಬ್ಬಳು ಮಾತಾಡಿದುದನ್ನು ಕೇಳಿ ಇನ್ನೊಬ್ಬಳಿಗೆ ಧೈರ್ಯ ಬಂತು. ಆ ಎಡೆ ಮುಚ್ಚಿದ ಮೇಲೆ ಶತಮಾನಗಳ ಕಾಲ ಅಷ್ಟೊಂದು ಹೆಣ್ಣುದನಿ ಒಟ್ಟಿಗೆ ಕೇಳಿಸಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಅವಳ ಬುದ್ಧಿಯನ್ನು ಗುರುತಿಸಿ ಮುಂದೆ ತಂದವಳು ರಾಣಿ ದೇವಾಜಮ್ಮಣ್ಣಿ. ಆ ಕಾವ್ಯದ ಬಹುಪಾಲು ಪತಿವ್ರತೆಯ ಕರ್ತವ್ಯವನ್ನು ಹೇಳುವಂಥದು. ಇಂದು ನಮಗೆ ಅದರಲ್ಲಿ ಒಪ್ಪಿಗೆಯಾಗದ್ದು ಬೇಕಾದಷ್ಟಿದೆ. ಆದರೆ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ನೇರವಾಗಿ ಪ್ರಶ್ನಿಸುವ ಎದೆಗಾರಿಕೆಯೂ ಅದೇ ಕಾವ್ಯದಲ್ಲಿದೆ. ಊಳಿಗದವಳ ಆ ಎದೆಗಾರಿಕೆಯ ಹಿಂದೆ ಇನ್ನೊಬ್ಬ ಹೆಣ್ಣಿನ ಬೆಂಬಲವಿತ್ತು ಎಂಬುದನ್ನು ನಾವು ಮರೆಯಬಾರದು.

ಇತ್ತೀಚಿನ ಕಾಲಕ್ಕೆ ಬರೋಣ. 1887ರಲ್ಲಿ ಹುಟ್ಟಿದ ನಂಜನಗೂಡಿನ ತಿರುಮಲಾಂಬಾ ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದರು. ಅಂಥ ಹುಡುಗಿಗೆ ಆ ಕಾಲ ಕೊಡುತ್ತಿದ್ದುದು ಒಂದು ಮೂಲೆ ಮತ್ತು ಒಂದು ಕೆಂಪು ಸೀರೆ. ತಿರುಮಲಾಂಬಾ ಓದಿದರು, ಬರೆದರು. ಅಷ್ಟಕ್ಕೇ ನಿಲ್ಲದೆ 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ತೆರೆದರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನು ತಾವೇ ಹೊರಡಿಸಿದರು. ತಾನು ಬರೆದರೆ ಸಾಲದು, ಬರೆಯುವ ಓದುವ ಹೆಂಗಸರ ಒಂದು ಬಳಗವೇ ಏಳಬೇಕು ಎಂಬುದು ಅವರ ಹಟ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಮಾಸಪತ್ರಿಕೆಯನ್ನು ಹತ್ತಾರು ವರ್ಷ ನಡೆಸಿದುದರ ಹಿಂದೆಯೂ ಇದೇ ಹಟವಿತ್ತು. ತೊಂಬತ್ತು ದಾಟಿ ಬದುಕಿದ ತಿರುಮಲಾಂಬಾ 1982ರಲ್ಲಿ ತೀರಿಕೊಂಡರು. ಅದಕ್ಕೆ ಎಷ್ಟೋ ವರ್ಷ ಮೊದಲೇ ನಾಡು ಅವರನ್ನು ಮರೆತುಬಿಟ್ಟಿತ್ತು. ಮರೆವಿನಿಂದ ಅವರನ್ನು ಎತ್ತಿ ತಂದವರು ಇನ್ನೊಬ್ಬ ಹೆಣ್ಣುಮಗಳು, ಚಿ. ನ. ಮಂಗಳಾ. ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆ ಇಂದಿಗೂ ಲೇಖಕಿಯರಿಗೆ ತಿರುಮಲಾಂಬಾ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. ಒಬ್ಬಳು ಹಚ್ಚಿದ ದೀಪಕ್ಕೆ ಮತ್ತೊಬ್ಬಳು ಎಣ್ಣೆ ಎರೆಯದಿದ್ದರೆ ಅದು ಆರಿಯೇ ಹೋಗುತ್ತದೆ. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದುದು ಈ ಅನುಭವದ ಬಲದಿಂದಲೇ ಎಂದು ನಾವು ತಿಳಿದಿದ್ದೇವೆ.

ರಾಜಕೀಯವೂ ಕೂಡಿ ಕಟ್ಟಿದ್ದೇ

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಳನ್ನು ನಮ್ಮ ಯುವಕ ಯುವತಿಯರು ಓದಬೇಕು. 1926ರಲ್ಲಿ ಮದರಾಸು ಶಾಸನಸಭೆಗೆ ಹೆಂಗಸರೂ ನಿಲ್ಲಬಹುದೆಂದು ಆದಾಗ ಅವರನ್ನು ಹುರಿದುಂಬಿಸಿ ನಿಲ್ಲಿಸಿದವರು ಐರ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್. ಕಮಲಾದೇವಿ ಅಲ್ಪ ಮತಗಳಿಂದ ಸೋತರು. ಆದರೆ ಆ ಇಬ್ಬರ ಸ್ನೇಹ ಸೋಲಲಿಲ್ಲ. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಕೂಡಿತು. ಅದಕ್ಕೆ ಕರೆ ಕೊಟ್ಟವರು ಕಸಿನ್ಸ್, ಅದರ ಸಂಘಟನೆಯನ್ನು ಹೊತ್ತವರು ಕಮಲಾದೇವಿ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲು ಬೇಕೆಂದು ಗಾಂಧೀಜಿಯವರ ಎದುರು ನಿಂತು ವಾದಿಸಿದವರೂ ಅವರೇ. 1936ರಲ್ಲಿ ಮೀರತ್ತಿನಲ್ಲಿ ಕೂಡಿದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು.

ಇಂಥ ಜೈಲುವಾಸಿ, ಹೋರಾಟಗಾರ್ತಿ ಸ್ವಾತಂತ್ರ್ಯ ಬಂದ ಮೇಲೆ ಯಾವ ಕೆಲಸಕ್ಕೆ ಕೈ ಹಾಕಿದರು? ಮಂತ್ರಿಗಿರಿಯ ಹಿಂದೆ ಹೋಗದೆ ನೇಕಾರರ, ಕುಂಬಾರರ, ಕಸೂತಿಯ ಹೆಂಗಸರ ಹಾಡಿಗೆ ಹಟ್ಟಿಗೆ ಹೋದರು. 1952ರಲ್ಲಿ ಆದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಅವರಿಗೆ ಚರಿತ್ರೆ ಮಾಡುವುದೂ ಸೀರೆಗೆ ಚಿತ್ತಾರ ಹಾಕುವುದೂ ಎರಡು ಬೇರೆ ಕೆಲಸಗಳಾಗಿ ತೋರಲಿಲ್ಲ. "ಮೊದಲು ವರ್ಗಹೋರಾಟ ಮುಗಿಯಲಿ, ಹೆಂಗಸರ ಹಾಡು ಹಸೆ ಆಮೇಲೆ ನೋಡೋಣ" ಎನ್ನುವ ನಮ್ಮ ಕೆಲವು ಮಿತ್ರರು ಈ ಬಾಳಿನ ಎದುರು ನಿಂತು ಆಲೋಚಿಸಬೇಕು.

ಈ ಮಿತ್ರರ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಹೆಂಗಸರನ್ನು ಬೇರೆ ಕೂಡಿಸಿದರೆ ದುಡಿಯುವವರ ಒಗ್ಗಟ್ಟು ಒಡೆಯುತ್ತದೆ ಎಂಬ ಹೆದರಿಕೆ ಪ್ರಾಮಾಣಿಕವಾದುದೇ. ಆದರೆ ನಮ್ಮ ಸಭೆಗಳ ಹಿಂದಿನ ಸಾಲನ್ನು ಅವರು ಒಮ್ಮೆ ನೋಡಲಿ. ಬಂದ ಹೆಂಗಸರು ಎಷ್ಟು ಮಂದಿ, ಬಾಯಿ ಬಿಟ್ಟವರು ಎಷ್ಟು ಮಂದಿ? ಗಂಡಸರ ನಡುವೆ ಎದ್ದು ಮಾತಾಡುವ ಮುಂಚೆ ತನ್ನಂಥ ಹತ್ತು ಜನರ ನಡುವೆ ಮಾತಾಡಿ ನಾಲಿಗೆ ಪಳಗಬೇಕಾಗುತ್ತದೆ. ಹೆಂಗಸರೇ ಕೂಡಿದ ಕೋಣೆಯಲ್ಲಿ ಹಾಡು ಎತ್ತಿದವಳು ನಾಳೆ ಕೂಲಿಯ ಸಭೆಯಲ್ಲಿ ಮಾತು ಎತ್ತುತ್ತಾಳೆ. ನಾವು ಸಂಘಟನೆಯ ಕೆಲಸದಲ್ಲಿ ಕಂಡದ್ದು ಇದೇ.

ಇತರರು ಮಾಡಿ ತೋರಿಸಿದ್ದು

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನ ಒಂದು ಮಾಳಿಗೆಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತರು. ಅದೇ ಇಂದಿನ ಲಿಜ್ಜತ್ ಹಪ್ಪಳದ ಸಂಸ್ಥೆ. ನಲವತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದಾರೆ. ಅಲ್ಲಿ ದುಡಿಯುವವಳನ್ನು ಆಳು ಎನ್ನುವುದಿಲ್ಲ, ಬೆಹೆನ್ ಎನ್ನುತ್ತಾರೆ; ಅವಳು ಒಡತಿಯೂ ಹೌದು. ಇಲ್ಲಿಯೂ ಸಾಲವಿತ್ತು ಎಂಬುದನ್ನು ಗಮನಿಸಿರಿ. ಸಾಲ ಕೆಟ್ಟದ್ದೆಂದು ನಮ್ಮ ವಾದವಲ್ಲ. ಆ ಏಳು ಮಂದಿ ಕೂಡಿದುದು ಕೆಲಸಕ್ಕಾಗಿ, ಸಾಲ ಆ ಕೆಲಸದ ಒಂದು ಉಪಕರಣ. ನಮ್ಮ ಸಂಘಗಳಲ್ಲಿ ಸಾಲವೇ ಕೆಲಸವಾಗಿ ಕುಳಿತಿದೆ.

2002ರಲ್ಲಿ ಉತ್ತರಪ್ರದೇಶದ ಚಿತ್ರಕೂಟದಲ್ಲಿ ಬಹುಪಾಲು ದಲಿತ ಹೆಂಗಸರೇ ಸೇರಿ ತಮ್ಮ ಬುಂದೇಲಿ ನುಡಿಯಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ತೆಗೆದರು. ತಾವೇ ಸುದ್ದಿ ತಂದರು, ತಾವೇ ಬರೆದರು, ತಾವೇ ಹಳ್ಳಿ ತಿರುಗಿ ಮಾರಿದರು. ನಮ್ಮ ಬೀದರದ ಮಗ್ಗುಲಿಗೇ ಇರುವ ಜಹೀರಾಬಾದಿನ ಕಡೆಯ ಮಾಚನೂರಿನಲ್ಲಿ 2008ರಿಂದ ದಲಿತ ರೈತ ಹೆಂಗಸರ ಸಂಘಗಳು 'ಸಂಗಮ್ ರೇಡಿಯೊ' ನಡೆಸಿದವು. ನವಣೆ, ಸಜ್ಜೆಯ ಬೀಜ ಕಾಯುವ ಕೈಗಳೇ ಅಲ್ಲಿ ಧ್ವನಿಯಂತ್ರವನ್ನೂ ತಿರುಗಿಸಿದವು. ಕೋಲಾರ ಜಿಲ್ಲೆಯ ಬೂದಿಕೋಟೆಯ ಸ್ವಸಹಾಯ ಸಂಘದ ಹೆಂಗಸರು ಅದಕ್ಕೂ ಮುಂಚೆ, ಊರಿಗೆ ರೇಡಿಯೊ ಪರವಾನಗಿ ಸಿಗದ ಕಾಲದಲ್ಲಿ, ತಂತಿಯ ಮೂಲಕ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಮುಟ್ಟಿಸಿದರು. ಇವರು ಯಾರೂ ದೊಡ್ಡ ಕಾಲೇಜು ಕಂಡವರಲ್ಲ.

ಸಂಡೂರಿನ ಲಂಬಾಣಿ ತಾಂಡಾಗಳ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಕನ್ನಡಿ, ಕವಡೆ, ಬಣ್ಣದ ನೂಲಿನಿಂದ ಅಲ್ಲಿಯ ಹೆಂಗಸರು ಮಾಡುವ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಕೂಡಿ ಮಾಡಿದ 1755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಲಾಯಿತು. ನಾಡಿಗೆ ಹೆಮ್ಮೆಯ ವಿಷಯವೇ. ಆದರೆ ದಾಖಲೆಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದು ಹೋದ ಮೇಲೆ, ಹೊಲಿದವಳಿಗೆ ಒಂದು ಗಜಕ್ಕೆ ಸಿಗುವ ಕೂಲಿಯೆಷ್ಟು, ಪಟ್ಟಣದ ಅಂಗಡಿಯಲ್ಲಿ ಅದರ ಬೆಲೆಯೆಷ್ಟು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಕಸೂತಿಗೆ 2006ರಲ್ಲಿ ದೊರೆತ ಇಂಥದೇ ರಕ್ಷಣೆ ಸರ್ಕಾರದ ಕರಕುಶಲ ನಿಗಮದ ಹೆಸರಿನಲ್ಲಿದೆ. 1999ರ ಕಾನೂನು, ಮಾಡುವವರೂ ಅಧಿಕೃತ ಬಳಕೆದಾರರೆಂದು ತಮ್ಮ ಹೆಸರು ದಾಖಲು ಮಾಡಿಸಿಕೊಳ್ಳಬಹುದೆಂದು ಹೇಳುತ್ತದೆ. ಹೊಲಿಯುವ ಹೆಂಗಸರಿಗೆ ಈ ಸಂಗತಿಯನ್ನು ತಿಳಿಸಿ, ಅರ್ಜಿ ಬರೆದುಕೊಡುವವರು ಬೇಕು. ಕೂಡಿ ಮಾಡಿದ ವಿದ್ಯೆಯ ಒಡೆತನವೂ ಕೂಡಿಯೇ ಇರಬೇಕು. 'ಗರತಿ'ಯ ಹೆಸರು ಅಳಿದದ್ದು ಸಾಕು.

ಅಡ್ಡಿಗಳು ಯಾವುವು?

ಮೊದಲನೆಯ ಅಡ್ಡಿ ಸಾಲದ ಹೊರೆ. ಸ್ವಸಹಾಯ ಸಂಘದ ಹೆಸರನ್ನು ಹಿಡಿದು ಖಾಸಗಿ ಸಾಲದ ಕಂಪನಿಗಳು ಊರಿಗೆ ಬಂದವು. ಒಬ್ಬಳ ಕಂತಿಗೆ ಹತ್ತು ಜನ ಜಾಮೀನು. ಕಂತು ತಪ್ಪಿದರೆ ಗೆಳತಿಯೇ ಗೆಳತಿಯ ಬಾಗಿಲಿಗೆ ವಸೂಲಿಗೆ ನಿಲ್ಲಬೇಕು. ಕಿರುಕುಳ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತರಬೇಕಾಯಿತು. ಹಣದ ನಷ್ಟವನ್ನು ಕಾನೂನು ತಡೆಯಬಹುದು. ಹೆಂಗಸರ ನಡುವಿನ ವಿಶ್ವಾಸ ಮುರಿದದ್ದನ್ನು ಯಾವ ಕಾನೂನು ಕೂಡಿಸೀತು? ಒಂದೇ ಕಲ್ಲಿಗೆ ಕೈ ಹಾಕಿ ಹಾಡಿದವರ ಮೊಮ್ಮಕ್ಕಳು ಒಬ್ಬರಿಗೊಬ್ಬರು ಸಾಲಗಾರರಾಗಿ ನಿಂತದ್ದು ನಮ್ಮ ಕಾಲದ ದೊಡ್ಡ ಅನ್ಯಾಯ.

ಎರಡನೆಯದು ಎಡೆಯ ಕೊರತೆ. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಸಾಲವನ್ನಲ್ಲ, ಕಲಿಕೆಯನ್ನೂ ಮಾತುಕತೆಯನ್ನೂ ಮುಂದಿಟ್ಟುಕೊಂಡು ನಮ್ಮ ರಾಜ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಹೆಂಗಸರನ್ನು ಕೂಡಿಸಿತು. ಸಂಘಕ್ಕೊಂದು ಮನೆ ಬೇಕೆಂಬ ಆಲೋಚನೆ ಅದರಲ್ಲಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು. ಬಡ್ಡಿ ತರುವ ಸಂಘಕ್ಕೆ ಹಣವಿದೆ, ಬುದ್ಧಿ ತರುವ ಸಂಘಕ್ಕೆ ಹಣವಿಲ್ಲ!

ಮೂರನೆಯದು ನಮ್ಮ ಮನೆಗಳ ಒಳಗೇ ಇದೆ. ಹೆಂಗಸರು ಕೂಡಿದರೆ ಹರಟೆ, ಗಂಡಸರು ಕೂಡಿದರೆ ಚರ್ಚೆ ಎಂಬ ಭಾವನೆ. ಸಮಾನತೆಯ ಘೋಷಣೆ ಕೂಗಿ ಬಂದ ಕಾರ್ಯಕರ್ತನೂ ಮನೆಯಲ್ಲಿ ರೊಟ್ಟಿ ಐದು ನಿಮಿಷ ತಡವಾದರೆ ಮುಖ ಗಂಟಿಕ್ಕುತ್ತಾನೆ.

ಏನು ಮಾಡಬೇಕು?

ಬಯಕೆಗಳ ಪಟ್ಟಿ ಉದ್ದ ಮಾಡುವುದು ಸುಲಭ. ನಾವು ಇಂದೇ ಆಗಬಹುದಾದಷ್ಟನ್ನೇ ಹೇಳುತ್ತೇವೆ.

ಪ್ರತಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ವಾರಕ್ಕೆ ಎರಡು ಸಂಜೆಯಾದರೂ ಹೆಂಗಸರಿಗಾಗಿಯೇ ಬಾಗಿಲು ತೆರೆಯಬೇಕು. ಕಟ್ಟಡವಿದೆ, ದೀಪವಿದೆ, ಪುಸ್ತಕವಿದೆ. ಬೇಕಾದುದು ಒಂದು ಠರಾವು. 2010ರಿಂದ ನಮ್ಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲಾಗಿದೆ. ಆ ಸದಸ್ಯೆಯರು ಗಂಡಂದಿರಿಂದ ಕೇಳಿ ರುಜು ಹಾಕುವುದನ್ನು ಬಿಟ್ಟು ಈ ಒಂದು ಠರಾವನ್ನು ತಾವೇ ಮಂಡಿಸಲಿ. ಕೂಸಿನ ಮನೆಗಳಿರುವ ಪಂಚಾಯತಿಗಳಲ್ಲಿ ಆ ಎರಡು ಸಂಜೆ ಅವೂ ತೆರೆದಿರಲಿ. ಇಲ್ಲವಾದರೆ ಎಳೆಯ ಮಕ್ಕಳ ತಾಯಂದಿರು ಬರಲಾರರು.

ಸಂಘದ ಸಭೆಯ ಮೊದಲ ಅರ್ಧ ಗಂಟೆ ಸಾಲದ ಪುಸ್ತಕವನ್ನು ಮುಚ್ಚಿಡಬೇಕು. ಅದರ ಬದಲು ಇನ್ನೊಂದು ಪುಸ್ತಕ ತೆರೆಯಬೇಕು. ಊರಿನ ಮುದುಕಿಯರು ಬಲ್ಲ ಹಾಡು, ಕತೆ, ಮದ್ದು, ಹೊಲಿಗೆಯ ಲೆಕ್ಕ, ಬೀಜದ ಹೆಸರು ಅದರಲ್ಲಿ ಸೇರಲಿ. ಬರೆಯಬಲ್ಲ ಹುಡುಗಿ ಬರೆದುಕೊಳ್ಳಲಿ. ಪ್ರತಿಯೊಂದರ ಕೆಳಗೆ ಹೇಳಿದವಳ ಹೆಸರು ಕಡ್ಡಾಯವಾಗಿ ಇರಲಿ. ಶಾಲೆಯ ಸೋದರಿಯರು ಈ ಕೆಲಸಕ್ಕೆ ಕೈಗೂಡಿಸಿದರೆ ವರ್ಷ ತುಂಬುವುದರೊಳಗೆ ಒಂದೊಂದು ಊರಿನದೂ ಒಂದೊಂದು ಪುಸ್ತಕವಾದೀತು.

ಪಟ್ಟಣದ ಲೇಖಕಿಯರಿಗೂ ನಮ್ಮದೊಂದು ವಿನಂತಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಚೀಟಿಯ ಹಣವನ್ನು ಉಳಿಸಿತು. ಆ ಬಸ್ಸನ್ನು ಜನ ದೇವಸ್ಥಾನಕ್ಕೆ ಹೋಗುವ ಬಸ್ಸೆಂದು ಹಾಸ್ಯ ಮಾಡಿದರು. ಹೋಗಲಿ, ದೇವರ ದರ್ಶನಕ್ಕೂ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಬಸ್ಸಿನಲ್ಲಿ ಕಸೂತಿಯ ಅಕ್ಕ ತಾಂಡಾಕ್ಕೆ ಹೋಗಬಹುದು, ತಾಂಡಾದ ತಂಗಿ ಕೌದಿಯ ಊರಿಗೆ ಬರಬಹುದು, ಕತೆ ಬರೆಯುವವರು ಕತೆ ಹೇಳುವವರ ಜಗಲಿಯಲ್ಲಿ ಒಂದು ದಿನ ಕಳೆಯಬಹುದು. ಹಾಗೆ ಹೋದವರು ಭಾಷಣ ಮಾಡಲು ಹೋಗಬಾರದು. ಮಗ್ಗುಲಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟು ಕೇಳಬೇಕು. ತಮಗೆ ಗೊತ್ತಿದ್ದುದನ್ನು ಹೇಳಬೇಕು. ಕಲಿಯುವುದೂ ಕಲಿಸುವುದೂ ಎರಡೂ ಕಡೆಯಿಂದ ನಡೆಯಬೇಕು.

ನಮ್ಮ ಪಕ್ಷದ ಸೋದರರಿಗೆ ಹೇಳುವುದು ಇನ್ನೂ ಸಣ್ಣ ಮಾತು. ವಾರದಲ್ಲಿ ಆ ಎರಡು ಸಂಜೆ ಒಲೆಯ ಮುಂದೆ ನೀವು ಕುಳಿತುಕೊಳ್ಳಿರಿ. ಇದು ಉಪಕಾರವಲ್ಲ, 202 ನಿಮಿಷದ ಬಾಕಿಯಲ್ಲಿ ಒಂದು ಕಂತು. ಈ ಕಂತನ್ನು ತೀರಿಸದೆ ಸಮಾಜವಾದದ ಮಾತಾಡುವ ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ.

ಸೋದರಿಯರೇ, ಮುಂದಿನ ವಾರದ ಸಭೆಗೆ ಹೋಗುವಾಗ ಸಾಲದ ಪುಸ್ತಕದ ಜೊತೆಗೆ ಒಂದು ಖಾಲಿ ನೋಟುಬುಕ್ಕನ್ನೂ ತೆಗೆದುಕೊಂಡು ಹೋಗಿರಿ. ನಿಮ್ಮಲ್ಲಿ ಹಿರಿಯಳಾದವಳಿಗೆ ಒಂದು ಹಾಡು ಹೇಳೆಂದು ಕೇಳಿರಿ. ಮೊದಲು ಅವಳು ನಾಚಿಕೊಂಡಾಳು, ಮರೆತೇ ಹೋಗಿದೆ ಎಂದಾಳು. ಬಿಡಬೇಡಿರಿ. ಇನ್ನೊಬ್ಬಳು ಒಂದು ನುಡಿ ಎತ್ತಿದರೆ ಸಾಕು, ಅವಳಿಗೂ ನೆನಪಾಗುತ್ತದೆ.